120 ಎಂಎಂ ಫೋರ್ಕ್, 60 ಎಂಎಂ ಸ್ಟೆಮ್: ಚಿಕ್ಕಮಗಳೂರು ಗುಡ್ಡದಲ್ಲಿ ಮೂರು ಮಳೆಗಾಲ ಓಡಿಸಿದ ಮೇಲೆ

ಮೊದ್ಲು ಬೈಕ್ ಯಾವ್ದು ಅಂತ ಹೇಳ್ಬಿಡ್ತೀನಿ, ಬೈಕ್ ಅಂದ್ರೆ ಇಲ್ಲಿ ಗುಡ್ಡದ ಮಣ್ಣು ದಾರೀಲಿ ಓಡಿಸೋ ಗೇರ್ ಸೈಕಲ್. ಅಲ್ಯೂಮಿನಿಯಂ ಹಾರ್ಡ್‌ಟೇಲ್, ಅಂದ್ರೆ ಸಸ್ಪೆನ್ಷನ್ ಮುಂದೆ ಮಾತ್ರ, 29 ಇಂಚಿನ ವೀಲ್, ಮೀಡಿಯಂ ಸೈಜ್. ನನ್ನ ಎತ್ತರ 5 ಅಡಿ 7 ಇಂಚು, ತೂಕ 72 ಕೆಜಿ. ತಗೊಂಡಾಗ ಅದ್ರಲ್ಲಿ ಇದ್ದಿದ್ದು 100 ಎಂಎಂ ಟ್ರಾವೆಲ್ (ಅಂದ್ರೆ ಅಷ್ಟು ಕುಸಿಯೋ) ಕಾಯಿಲ್ ಸ್ಪ್ರಿಂಗ್ ಫೋರ್ಕ್, 90 ಎಂಎಂ ಸ್ಟೆಮ್ (ಹ್ಯಾಂಡಲನ್ನ ಫೋರ್ಕಿಗೆ ಸೇರಿಸೋ ತುಂಡು), 680 ಎಂಎಂ ಹ್ಯಾಂಡಲ್‌ಬಾರ್. ಈಗ ಇರೋದು ರಾಕ್‌ಶಾಕ್ಸ್ ರೆಕಾನ್ 120 ಎಂಎಂ ಏರ್ ಫೋರ್ಕ್ (ಸ್ಪ್ರಿಂಗ್ ಬದಲು ಗಾಳಿ), 60 ಎಂಎಂ ಸ್ಟೆಮ್, 740 ಬಾರ್. ಮೂರು ಮಳೆಗಾಲ ಆಯ್ತು. ಫೋರ್ಕ್ ಚೆನ್ನಾಗಿದ್ಯಾ ಅಂತ ತುಂಬಾ ಜನ ಕೇಳ್ತಾರೆ, ಚೆನ್ನಾಗೇ ಇದೆ, ಆದ್ರೆ ಅದ್ರ ಜೊತೆ ಯಾವ ಸ್ಟೆಮ್ ಹಾಕಿದ್ದೀರ ಅಂತ ಒಬ್ರೂ ಕೇಳಲ್ಲ, ನನ್ನ ಪ್ರಕಾರ ಮೊದ್ಲು ಕೇಳ್ಬೇಕಾಗಿದ್ದೇ ಅದು.

ಯಾಕೆ ಬದಲಾಯಿಸ್ದೆ ಅಂದ್ರೆ ಇಳಿಜಾರಿಗೆ. ಹಿರೇಕೊಳಲೆ ಕಡೆ ಎಸ್ಟೇಟ್ ದಾರಿಗಳು ಗೊತ್ತಿರೋರಿಗೆ ಅರ್ಥ ಆಗುತ್ತೆ, ಜೀಪ್ ಓಡಾಡಿ ಎರಡು ಕೊರಕಲು, ಮಧ್ಯದಲ್ಲಿ ಹುಲ್ಲು, ಮಳೆ ನಿಂತ ಮೇಲೆ ಮಣ್ಣೆಲ್ಲ ಕೊಚ್ಕೊಂಡು ಹೋಗಿ ಕಲ್ಲು ಎದ್ದಿರುತ್ತೆ, ಅಡ್ಡಡ್ಡ ಸಿಲ್ವರ್ ಓಕ್ ಬೇರು. ಅಲ್ಲಿ 90 ಎಂಎಂ ಸ್ಟೆಮ್ ಅಂದ್ರೆ ನಮ್ಮ ಭಾರ ಎಲ್ಲಾ ಮುಂದಿನ ಚಕ್ರದ ಮೇಲೇ. ಚಕ್ರ ಕೊರಕಲಿಗೆ ಇಳಿದ ಕೂಡ್ಲೇ ಫೋರ್ಕ್ ಪೂರ್ತಿ ಕುಸಿಯೋದು, ಹಿಂದಿನ ಚಕ್ರ ಮೇಲೇಳೋದು. ಎರಡು ಸಲ ಹ್ಯಾಂಡಲ್ ದಾಟಿ ಕಾಫಿ ಗಿಡದೊಳಗೆ ಬಿದ್ದಿದ್ದೀನಿ, ಎರಡನೇ ಸಲ ಮಣಿಕಟ್ಟು ಊದ್ಕೊಂಡು ಮೂರು ವಾರ ಸೈಕಲ್ ಮುಟ್ಟೋಕೆ ಆಗ್ಲಿಲ್ಲ.

ನಾನು ಮಾಡಿದ ತಪ್ಪು ಏನಂದ್ರೆ ಮೊದ್ಲು ಫೋರ್ಕ್ ಮಾತ್ರ ಹಾಕ್ಸಿದ್ದು. ಫೋರ್ಕ್ ಉದ್ದ ಆದ್ರೆ ಬೈಕಿನ ಮೂತಿ ಮೇಲೇಳುತ್ತೆ, ಹೆಡ್ ಆಂಗಲ್ (ಫೋರ್ಕ್ ನೆಲಕ್ಕೆ ವಾಲಿರೋ ಕೋನ) ಮಲಗುತ್ತೆ, ಸುಮಾರು 20 ಎಂಎಂ ಜಾಸ್ತಿ ಆದ್ರೆ ಒಂದು ಡಿಗ್ರಿ ಅಂತ ಲೆಕ್ಕ. ಇದಕ್ಕೆ ಟ್ರಾವೆಲ್ ಒಂದನ್ನೇ ನೋಡ್ಬೇಡಿ, ಆಕ್ಸಲ್ (ಚಕ್ರದ ಅಚ್ಚು) ಮಧ್ಯದಿಂದ ಕ್ರೌನ್ (ಫೋರ್ಕಿನ ಎರಡು ಕಾಲು ಮೇಲೆ ಸೇರೋ ಜಾಗ) ತನಕ ಟೇಪ್ ಹಿಡಿದು ಅಳೀರಿ, ಯಾಕಂದ್ರೆ ಎರಡು 120 ಫೋರ್ಕಿನ ಉದ್ದ ಒಂದೇ ಇರ್ಬೇಕು ಅಂತಿಲ್ಲ. ನಂದು ಹಳೇದಕ್ಕಿಂತ 22 ಎಂಎಂ ಉದ್ದ ಬಂತು. ಅಷ್ಟೂ ಉದ್ದ ನಾವು ಕೂತಾಗ ಉಳಿಯಲ್ಲ, ನಮ್ಮ ತೂಕಕ್ಕೆ ಫೋರ್ಕ್ ಸ್ವಲ್ಪ ಇಳಿಯುತ್ತೆ, ಅದಕ್ಕೆ ಸ್ಯಾಗ್ ಅಂತಾರೆ, ನಾನು 25 ಪರ್ಸೆಂಟ್ ಅಂದ್ರೆ 30 ಎಂಎಂ ಇಟ್ಕೊಂಡಿದ್ದೀನಿ.

ಆಂಗಲ್ ಮಲಗಿದ್ರೆ ಏನಾಗುತ್ತೆ? ಅವೆಂಜರ್ ತರದ ಕ್ರೂಸರ್ ಓಡಿಸಿದ್ರೆ ಗೊತ್ತಿರುತ್ತೆ, ಫೋರ್ಕ್ ಮುಂದಕ್ಕೆ ಚಾಚಿರುತ್ತಲ್ಲ, ಸ್ಪೀಡಲ್ಲಿ ನೆಟ್ಟಗೆ ಅಲ್ಲಾಡದೆ ಹೋಗುತ್ತೆ, ಅದೇ ಸಂತೆ ಜನದ ಮಧ್ಯೆ ನಿಧಾನಕ್ಕೆ ತಿರುಗಿಸ್ಬೇಕು ಅಂದ್ರೆ ಹ್ಯಾಂಡಲ್ ಭಾರ, ಒಂದು ಕಡೆ ಬಿದ್ದಂಗೆ ಆಗುತ್ತೆ. ಸೈಕಲ್ಲಲ್ಲೂ ಇದೇ ಕತೆ. ಜೊತೆಗೆ 90 ಎಂಎಂ ಸ್ಟೆಮ್ ಹಾಗೇ ಉಳಿದಿತ್ತು, ಉದ್ದ ಸ್ಟೆಮ್ ಅಂದ್ರೆ ಹ್ಯಾಂಡಲ್ ತಿರುಗಿಸೋಕೆ ಕೈ ದೊಡ್ಡ ಸುತ್ತು ಹೋಗ್ಬೇಕು. ಎರಡೂ ಸೇರಿ ಸ್ಟೀರಿಂಗ್ ಎಷ್ಟು ನಿಧಾನ ಆಯ್ತು ಅಂದ್ರೆ ಹೇರ್‌ಪಿನ್ನಲ್ಲಿ ಬೈಕು ಅಂಚಿಗೇ ಹೋಗೋದು. ಕಲ್ಲಿನ ಏಟು ಕಮ್ಮಿ ಆಯ್ತು ನಿಜ, ನಂಬಿಕೆ ಮಾತ್ರ ಬರ್ಲಿಲ್ಲ.

ಆಮೇಲೆ 50 ಎಂಎಂ ಸ್ಟೆಮ್, 740 ಬಾರ್ ಹಾಕ್ದೆ. ಇಳಿಜಾರಲ್ಲಿ ಬೇರೆ ಬೈಕೇ ಆಗೋಯ್ತು! ಭಾರ ಹಿಂದೆ ಬಂತು, ಬಾರ್ ಅಗಲ ಆಗಿದ್ರಿಂದ ಕಲ್ಲು ಹೊಡೆದ್ರೂ ಹ್ಯಾಂಡಲ್ ಕೈಯಿಂದ ಕಿತ್ಕೊಳ್ಳಲ್ಲ. ಆದ್ರೆ ಏರಲ್ಲಿ ಕೆಲಸ ಕೆಟ್ಟಿತು. ಕೈಮರ ಚೆಕ್‌ಪೋಸ್ಟ್ ದಾಟಿ ಅತ್ತಿಗುಂಡಿ ಕಡೆ ಹೋಗ್ತಾ ಟಾರ್ ಬಿಟ್ಟು ಒಂದು ಮಣ್ಣಿನ ಏರು ಹತ್ತಿದ್ವಿ, ನಾನು ಮುಂದೆ, ಹೆಂಡತಿ ತಮ್ಮ ಹಿಂದೆ. ಸಣ್ಣ ಗೇರಲ್ಲಿ ತುಳೀತಾ ಇದ್ದೆ, ಮುಂದಿನ ಚಕ್ರ ಎಡಕ್ಕೆ ಒಂದ್ಸಲ ಬಲಕ್ಕೆ ಒಂದ್ಸಲ ಅಲೀತಾ ಇತ್ತು, "ಭಾವ, ನಿಮ್ಮ ಮುಂದಿನ ಚಕ್ರ ನೆಲಕ್ಕೆ ಮುಟ್ತಾನೇ ಇಲ್ಲ, ಇಳೀರಿ" ಅಂತ ಹಿಂದಿನಿಂದ ಕೂಗ್ದ. ಮುಂದೆ ಭಾರ ಇಲ್ಲದೇ ಇದ್ರೆ ಟೈರ್ ಮಣ್ಣು ಕಚ್ಚಲ್ಲ, ಇನ್ನು ಹ್ಯಾಂಡಲ್ ಹಿಡಿದು ಏನು ಮಾಡೋದು. ಇಳಿದು ತಳ್ಕೊಂಡೇ ಹೋದೆ.

ಪರಿಹಾರ ಸಿಕ್ಕಿದ್ದು ಮೂರು ಸಣ್ಣ ಬದಲಾವಣೆ ಸೇರಿ. ಸ್ಟೆಮ್ 60 ಎಂಎಂ. ಸ್ಟೆಮ್ ಕೆಳಗಿದ್ದ ಎರಡು ಸ್ಪೇಸರ್ (ಎತ್ತರ ಹೊಂದಿಸೋ ಬಳೆ) ತೆಗೆದು ಮೇಲೆ ಹಾಕ್ದೆ, ಒಂದೊಂದು 10 ಎಂಎಂ, ಉದ್ದ ಫೋರ್ಕಿಂದ ಎದ್ದಿದ್ದ ಹ್ಯಾಂಡಲ್ ಹಳೇ ಎತ್ತರಕ್ಕೇ ಬಂತು. ಮೂರನೇದು ಸೀಟು. ಮೂತಿ ಎದ್ದಾಗ ಫ್ರೇಮ್ ಪೂರ್ತಿ ಹಿಂದಕ್ಕೆ ವಾಲುತ್ತೆ, ಸೀಟ್ ಟ್ಯೂಬ್ ಕೂಡ, ಅದಕ್ಕೆ ಸೀಟನ್ನ ಅದ್ರ ಕೆಳಗಿನ ರೈಲ್ (ಕಂಬಿ) ಮೇಲೆ 8 ಎಂಎಂ ಮುಂದೆ ತಳ್ಳಿ ಸೀಟಿನ ಮೂತಿ ಒಂಚೂರು ಕೆಳಗೆ ಮಾಡ್ದೆ. ಅದೇ ಏರಿಗೆ ಮುಂದಿನ ಭಾನುವಾರ ಹೋದ್ವಿ, ಚಕ್ರ ಅಲೀಲಿಲ್ಲ, ಕಾಲು ನೆಲಕ್ಕೆ ಇಡದೆ ಮೇಲೆ ಹತ್ತಿದೆ. 10 ಎಂಎಂ ಅಂದ್ರೆ ಒಂದು ಬೆರಳಿನ ಅಗಲಾನೂ ಇಲ್ಲ, ಅಷ್ಟರಲ್ಲೇ ಇಷ್ಟು ವ್ಯತ್ಯಾಸ ಆಗುತ್ತೆ ಅಂತ ನಾನೇ ಓಡಿಸಿ ನೋಡೋ ತನಕ ನಂಬಿರ್ಲಿಲ್ಲ.

ಖರ್ಚಿನ ವಿಷಯ. ಫೋರ್ಕ್ ಬೆಲೆ ಒಂದೇ ನೋಡಿ ಹೊರಡ್ಬೇಡಿ. ನನ್ನ ಹಳೇ ಹಬ್ (ಚಕ್ರದ ನಡುವಿನ ಭಾಗ) 100 ಎಂಎಂ ಅಗಲದ ಕ್ವಿಕ್ ರಿಲೀಸ್, ಹೊಸ ಫೋರ್ಕ್ 15 ಎಂಎಂ ಥ್ರೂ ಆಕ್ಸಲ್ (ತೂರಿಸಿ ಬಿಗಿಯೋ ದಪ್ಪ ಅಚ್ಚು), ಬೂಸ್ಟ್, ಅಂದ್ರೆ 110 ಎಂಎಂ ಅಗಲ, ಹಳೇ ಹಬ್ ಇದಕ್ಕೆ ಕೂರಲ್ಲ. ಹಬ್ ಹೊಸದು, ಸ್ಪೋಕ್ ಹೊಸದು, ಕಟ್ಟಿಸಿದ್ದು ಬೇರೆ. ನಿಮ್ಮ ಹೆಡ್ ಟ್ಯೂಬ್ (ಫೋರ್ಕ್ ತೂರೋ ಫ್ರೇಮಿನ ಕೊಳವೆ) ಟೇಪರ್ಡ್ (ಕೆಳಗೆ ಅಗಲ) ಇದ್ಯಾ ಸ್ಟ್ರೈಟ್ ಇದ್ಯಾ ನೋಡ್ಕೊಳ್ಳಿ, ಫ್ರೇಮಿಗೆ ಎಷ್ಟು ಉದ್ದದ ಫೋರ್ಕ್ ತನಕ ಹಾಕ್ಬಹುದು ಅಂತ ಕಂಪನಿ ಹೇಳಿದ್ಯೋ ಅದನ್ನೂ ನೋಡಿ, ಅದಕ್ಕಿಂತ ಉದ್ದ ಹಾಕಿದ್ರೆ ಹೆಡ್ ಟ್ಯೂಬ್ ಮೇಲೆ ಜಾಸ್ತಿ ಒತ್ತಡ ಬೀಳುತ್ತೆ. ಗಾಳಿಗೆ ಶಾಕ್ ಪಂಪ್ ಬೇಕೇ ಬೇಕು, ಟೈರ್ ಪಂಪ್ ಆಗಲ್ಲ. ನಾನು 80 ಪಿಎಸ್ಐ ಆಸುಪಾಸು ಇಡ್ತೀನಿ, ಫೋರ್ಕ್ ಕಾಲಿಗೆ ಜಿಪ್ ಟೈ ಸುತ್ತಿ ಕೂತು ಇಳಿದು ಎಷ್ಟು ಸರಿದಿದೆ ಅಂತ ಅಳೀತೀನಿ, ಆಮೇಲೆ ಟೈ ಕತ್ತರಿಸಿ ಬಿಸಾಕ್ತೀನಿ.

ಸ್ಟೆಮ್ ಕೂರಿಸೋದ್ರಲ್ಲಿ ಒಂದು ತೊಂದರೆ ಅನುಭವಿಸಿದ್ದೀನಿ. ಹಾಕ್ಸಿದ ಅಂಗಡೀಲಿ ಪಕ್ಕದ ಬೋಲ್ಟ್ ಮೊದ್ಲು ಬಿಗಿ ಮಾಡಿ ಆಮೇಲೆ ಮೇಲಿನ ಕ್ಯಾಪ್ ಬಿಗಿ ಮಾಡಿದ್ರು. ಆ ಕ್ಯಾಪ್ ಇರೋದು ಹೆಡ್‌ಸೆಟ್ (ಫೋರ್ಕ್ ತಿರುಗೋ ಬೇರಿಂಗ್) ಆಟ, ಅಂದ್ರೆ ಸಡಿಲ ತೆಗೆಯೋಕೆ, ಸ್ಟೆಮ್ ಆಗಲೇ ಕಚ್ಕೊಂಡಿದ್ರೆ ಅದು ಏನೂ ಎಳೆಯಲ್ಲ. ಬ್ರೇಕ್ ಹಿಡಿದಾಗೆಲ್ಲ ಟಕ್ ಟಕ್ ಅನ್ನೋದು, ಎರಡು ವಾರ ಫೋರ್ಕೇ ಹಾಳಾಗಿದೆ ಅನ್ಕೊಂಡು ಸಂಕಟಪಟ್ಟೆ. ಮನೇಲೇ ಪತ್ತೆ ಮಾಡ್ಬಹುದು: ಮುಂದಿನ ಬ್ರೇಕ್ ಗಟ್ಟಿ ಹಿಡೀರಿ, ಇನ್ನೊಂದು ಕೈಬೆರಳನ್ನ ಫ್ರೇಮೂ ಹೆಡ್‌ಸೆಟ್ಟೂ ಸೇರೋ ಕಡೆ ಇಟ್ಟು ಬೈಕನ್ನ ಹಿಂದೆ ಮುಂದೆ ಅಲ್ಲಾಡ್ಸಿ, ಬೆರಳಿಗೆ ಸಣ್ಣ ಜರುಗು ಗೊತ್ತಾದ್ರೆ ಆಟ ಇದೆ ಅಂತ ಅರ್ಥ. ಪಕ್ಕದ ಬೋಲ್ಟ್ ಸಡಿಲ ಮಾಡಿ, ಕ್ಯಾಪ್ ಸ್ವಲ್ಪ ಸ್ವಲ್ಪ ಬಿಗಿ ಮಾಡಿ, ಸ್ಟೆಮ್ ಚಕ್ರಕ್ಕೆ ನೆಟ್ಟಗಿದ್ಯಾ ನೋಡಿ, ಕೊನೇಲಿ ಪಕ್ಕದ್ದು. ಎಷ್ಟು ಟಾರ್ಕ್ ಅಂತ ಸ್ಟೆಮ್ ಮೇಲೇ ಬರ್ದಿರುತ್ತೆ, ನಂದು 5 ನ್ಯೂಟನ್ ಮೀಟರ್.

ಮಳೆಗಾಲದಲ್ಲಿ ನಮ್ಮೂರಿನ ಕೆಂಪು ಕೆಸರು ಫೋರ್ಕಿಗೆ ದೊಡ್ಡ ಶತ್ರು. ಫೋರ್ಕಿನ ಕೆಳಗಿನ ಕಾಲು (ಲೋವರ್ ಲೆಗ್) ಬಿಚ್ಚಿ ಆಯಿಲ್ ಬದಲಾಯಿಸೋದಕ್ಕೆ ಕಂಪನಿ ಹೇಳೋದು 50 ಗಂಟೆ ಓಡಿಸಿದ್ಮೇಲೆ, ಜೂನಿಂದ ಸೆಪ್ಟೆಂಬರ್ ತನಕ ನಾನು ಅಷ್ಟೂ ಕಾಯಲ್ಲ. ಪ್ರತಿ ರೈಡ್ ಆದ್ಮೇಲೆ ಸೀಲ್ ಸುತ್ತ ಒದ್ದೆ ಬಟ್ಟೇಲಿ ಒರೆಸ್ತೀನಿ, ಪ್ರೆಶರ್ ವಾಷ್ ಮಾತ್ರ ಹತ್ರಾನೂ ಸೇರಿಸಲ್ಲ. ಮೂರು ವರ್ಷಕ್ಕೆ ಸೀಲ್ ಒಂದೇ ಸಲ ಬದಲಾಯಿಸಿದ್ದು. 740 ಬಾರಿನ ಒಂದು ಕಷ್ಟ ಹೇಳ್ಬೇಕು, ಎಸ್ಟೇಟ್ ಉಣಗೋಲು ಗೇಟು ದಾಟೋವಾಗ, ಗಿಡಗಳ ಸಾಲಿನ ಮಧ್ಯೆ ಹೋಗೋವಾಗ ಗಮನ ಇರ್ಲಿ, ಕೈಗೆ ರೆಂಬೆ ಹೊಡೆಯುತ್ತೆ.

ಬರೀ ಟಾರ್ ರೋಡಲ್ಲಿ ಮುಳ್ಳಯ್ಯನಗಿರಿ ಹತ್ತಿ ಇಳಿಯೋರಿಗೆ ಇದ್ಯಾವ್ದೂ ಬೇಡ. ಮಣ್ಣಿನ ದಾರಿಗೆ ಇಳಿಯೋರು ಫೋರ್ಕಿಗೆ ದುಡ್ಡು ಕೂಡಿಸೋ ಮುಂಚೆ ಒಂದು 60 ಅಥವಾ 70 ಎಂಎಂ ಸ್ಟೆಮ್ ಹಾಕಿ ಒಂದು ತಿಂಗ್ಳು ಓಡಿಸಿ ನೋಡಿ, ಫೋರ್ಕ್ ಮುಂದೆ ಅದ್ರ ಬೆಲೆ ಏನೂ ಅಲ್ಲ, ಹ್ಯಾಂಡಲ್ ಹಿಡಿಯೋ ಕ್ಲಾಂಪ್ ನಿಮ್ಮ ಬಾರಿನ ದಪ್ಪಕ್ಕೆ (ಸಾಮಾನ್ಯವಾಗಿ 31.8 ಎಂಎಂ) ಹೊಂದುತ್ತಾ ಅಂತ ಮಾತ್ರ ಅಳತೆ ನೋಡ್ಕೊಳ್ಳಿ. ನನ್ನ ಹಳೇ 90 ಎಂಎಂ ಸ್ಟೆಮ್ ಈಗ ಭಾಮೈದನ ಬೈಕಲ್ಲಿದೆ. ಅವನು ನನಗಿಂತ ಎತ್ತರ, ತೋಳೂ ಉದ್ದ, ಕೈಮರದಿಂದ ಮೇಲಕ್ಕೆ ಟಾರಲ್ಲಿ ಹತ್ತೋದೇ ಅವನಿಗೆ ಇಷ್ಟ, ಅವನ ಮೈಗೆ ಅದು ಸರಿಯಾಗಿ ಹೊಂದಿದೆ. ಏರಲ್ಲಿ ಈಗಲೂ ನನಗಿಂತ ಮುಂದೆ ಹೋಗಿ ಮೇಲೆ ಕಾಯ್ತಾ ನಿಂತಿರ್ತಾನೆ.