ಡಿಸ್ಕ್ ಡ್ರೈವ್ ಮೋಟಾರಿನ ಕವಚಕ್ಕೆ ರಾಳವೋ, ಎಪಾಕ್ಸಿಯೋ, ನಿಕಲ್ಲೋ?

ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಡೈ ಕಾಸ್ಟಿಂಗ್ (ಕರಗಿದ ಲೋಹವನ್ನು ಒತ್ತಡದಿಂದ ಅಚ್ಚಿಗೆ ತುಂಬುವ) ಘಟಕ ನಡೆಸುವ ಗೆಳೆಯರೊಬ್ಬರು, ಕಂಪ್ಯೂಟರಿನ ಡಿಸ್ಕ್ ಡ್ರೈವ್ ಮೋಟಾರಿನ ಅಲ್ಯೂಮಿನಿಯಂ ಕವಚವನ್ನು ಸುಧಾರಿಸಲು ರಂಧ್ರ ತುಂಬುವ ರಾಳ, ಎಪಾಕ್ಸಿ (ಇದೂ ಒಂದು ಬಗೆಯ ರಾಳವೇ, ಇಲ್ಲಿ ಲೇಪನವಾಗಿ), ನಿಕಲ್ ಲೇಪನ ಈ ಮೂರರಲ್ಲಿ ಯಾವುದು ಸೂಕ್ತವೆಂದು ಕೇಳಿದ್ದಾರೆ. ಕರಗಿದ ಲೋಹವು ರಭಸದಿಂದ ಅಚ್ಚಿಗೆ ನುಗ್ಗುವಾಗ ಸಿಕ್ಕಿಕೊಂಡ ಗಾಳಿ ಸೂಕ್ಷ್ಮರಂಧ್ರಗಳನ್ನು ಉಳಿಸುತ್ತದೆ. ಮಷಿನಿಂಗ್ ಮಾಡಿದಾಗ, ಅಂದರೆ ಯಂತ್ರದಿಂದ ಕೊರೆದು ಅಳತೆಗೆ ತಂದಾಗ, ಅವು ತೆರೆದುಕೊಂಡು ಸೋರಿಕೆಗೆ ದಾರಿಯಾಗುತ್ತವೆ.

ಸೋರಿಕೆಯೇ ಮುಖ್ಯ ತೊಂದರೆಯಾಗಿದ್ದರೆ, ಮಷಿನಿಂಗ್ ನಂತರ ನಿರ್ವಾತದಲ್ಲಿ ರಾಳ ತುಂಬುವುದು ಉತ್ತಮ, ಏಕೆಂದರೆ ಅದು ರಂಧ್ರದೊಳಗೇ ಗಟ್ಟಿಯಾಗುವುದರಿಂದ ಕವಚದ ಅಳತೆ ಬದಲಾಗುವುದಿಲ್ಲ. ಆದರೆ ಮೇಲ್ಮೈಗೆ ಅದರಿಂದ ರಕ್ಷಣೆಯಿಲ್ಲ.

ಡ್ರೈವ್‌ನೊಳಗೆ ಒಂದು ಲೋಹದ ಕಣ ಉದುರಿದರೂ ಮಾಹಿತಿ ಉಳಿಸುವ ತಟ್ಟೆ ಹಾಳಾಗಬಹುದಾದ್ದರಿಂದ ನಾನು ಶುಚಿತ್ವಕ್ಕೇ ಹೆಚ್ಚು ತೂಕ ಕೊಡುತ್ತೇನೆ. ವಿದ್ಯುತ್ ಸಹಾಯದಿಂದ ಕೂರಿಸುವ ಎಪಾಕ್ಸಿ ಲೇಪನವು ಒರಟು ಮೇಲ್ಮೈಯ ಕಣಗಳನ್ನು ಹಿಡಿದಿಡುತ್ತದೆ, ಸವೆತವನ್ನೂ ತುಕ್ಕನ್ನೂ ತಡೆಯುತ್ತದೆ. ಆದರೆ ಲೇಪನದ ನಂತರ ಕೊರೆದ ಭಾಗಗಳು ಬರಿದಾಗಿಯೇ ಉಳಿಯುತ್ತವೆ. ರಾಳವಾಗಲಿ ಎಪಾಕ್ಸಿಯಾಗಲಿ ಬಿಸಿಯಲ್ಲಿ ಪೂರ್ತಿ ಗಟ್ಟಿಯಾಗದಿದ್ದರೆ ಆವಿ ಬಿಡುವ ಅಪಾಯವಿದೆ. ವಿದ್ಯುತ್ ಬಳಸದೆ ಕೂರಿಸುವ ನಿಕಲ್‌ಗೆ ಆ ಭಯವಿಲ್ಲ, ಮೂಲೆಗಳಲ್ಲೂ ಅದು ಸಮನಾಗಿ ಹರಡುತ್ತದೆ. ರಂಜಕದ ಪ್ರಮಾಣ ಹೆಚ್ಚಿರುವ ದ್ರಾವಣವನ್ನೇ ಆರಿಸಿದರೆ ಲೇಪನವು ಕಾಂತೀಯವಾಗುವುದಿಲ್ಲ, ಡ್ರೈವ್‌ನೊಳಗೆ ಇದು ಬೇಕೇ ಬೇಕು. ಬೇರಿಂಗ್ ಕೂರುವ ರಂಧ್ರಕ್ಕೆ ಮಾತ್ರ ಲೇಪನದ ದಪ್ಪವನ್ನು ಮೊದಲೇ ಲೆಕ್ಕ ಹಾಕಿರಬೇಕು.

ವೆಚ್ಚದಲ್ಲಿ ಸಾಮಾನ್ಯವಾಗಿ ನಿಕಲ್ ದುಬಾರಿ, ತ್ಯಾಜ್ಯನೀರಿನ ಶುದ್ಧೀಕರಣವೂ ಸೇರುತ್ತದೆ. ದೊಡ್ಡ ಪ್ರಮಾಣದ ತಯಾರಿಕೆಗೆ ಎಪಾಕ್ಸಿ, ಸೋರಿಕೆ ಪರೀಕ್ಷೆಯಲ್ಲಿ ಬಿದ್ದುಹೋಗುವ ಕವಚಗಳಿಗೆ ರಾಳ, ಕೊರೆದ ಮೇಲ್ಮೈಗೂ ರಕ್ಷಣೆ ಬೇಕಾದಲ್ಲಿ ನಿಕಲ್ ಹೊಂದುತ್ತದೆ. ಯಾವುದನ್ನೇ ಆರಿಸುವ ಮೊದಲು ಅಚ್ಚಿನಿಂದ ಗಾಳಿ ಹೊರಹೋಗುವ ದಾರಿಗಳನ್ನು ಸರಿಪಡಿಸಿಕೊಳ್ಳುವುದು ಅಗತ್ಯ.