‘ಇಬ್ಬರೂ ಬರಲೇಬೇಕು’ ಅಂತ ಫೋನ್ ಬಂದ್ರೆ ದಯವಿಟ್ಟು ಹೋಗಬೇಡಿ

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋರು, ವಾರವೆಲ್ಲ ಓಡಾಡಿ ಶನಿವಾರ ಭಾನುವಾರ ಎಲ್ಲಾದ್ರೂ ಹೋಗಿ ಬರೋಣ ಅಂತ ಕಾಯೋರು, ಇದನ್ನ ಪೂರ್ತಿ ಓದಿ. ರಜೆ ಕಳೆಯೋಕೆ ಅಂತ ರೆಸಾರ್ಟ್ ಮೆಂಬರ್‌ಶಿಪ್ (ಟೈಮ್‌ಶೇರ್) ಮಾರೋ ಕಂಪನಿಯವರು ಹುಡುಕೋದು ನಿಮ್ಮಂಥವರನ್ನೇ. ನಮ್ಮನ್ನ ಹುಡುಕಿದ್ದೂ ಹಾಗೇ.

ಕಂಪನಿ ಹೆಸರು ಬರೆಯಲ್ಲ, ದೂರು ಕೊಟ್ಟಿದ್ದೀವಿ, ವಿಚಾರಣೆ ಬಾಕಿ ಇದೆ. ಎಷ್ಟು ದುಡ್ಡು ಹೋಯ್ತು ಅಂತಲೂ ಬರೆಯಲ್ಲ. ನಮ್ಮತ್ತೆ ಮಾವ ಇದನ್ನ ಓದಬಹುದು, ಅವರಿಗೆ ಇನ್ನೂ ಗೊತ್ತಿಲ್ಲ.

ಮಾಲ್‌ನಲ್ಲಿ ಎಸ್ಕಲೇಟರ್ ಪಕ್ಕ ಟೇಬಲ್ ಹಾಕ್ಕೊಂಡು ‘ಲಕ್ಕಿ ಡ್ರಾ’ ಫಾರಂ ತುಂಬಿಸ್ಕೊಳ್ಳೋರು ಎಲ್ಲರಿಗೂ ಗೊತ್ತಿರೋದೇ. ಹೆಸರು, ನಂಬರ್, ಮದುವೆ ಆಗಿದ್ಯಾ, ಇಬ್ಬರೂ ಕೆಲಸ ಮಾಡ್ತೀರಾ, ಕಾರ್ ಇದ್ಯಾ, ಕ್ರೆಡಿಟ್ ಕಾರ್ಡ್ ಇದ್ಯಾ. ಬಹುಮಾನಕ್ಕೂ ಕ್ರೆಡಿಟ್ ಕಾರ್ಡಿಗೂ ಏನ್ರೀ ಸಂಬಂಧ? ಯಾರೂ ಕೇಳಲ್ಲ. ತುಂಬಿಸಿ ಡಬ್ಬಿಗೆ ಹಾಕಿ ಬರ್ತೀವಿ.

ಆಮೇಲೆ ಫೋನ್. “ಅಭಿನಂದನೆಗಳು ಮೇಡಂ, ನಿಮ್ಮ ಕೂಪನ್ ಸೆಲೆಕ್ಟ್ ಆಗಿದೆ. ಮೂರು ಹಗಲು ಎರಡು ರಾತ್ರಿ ಫ್ರೀ ಸ್ಟೇ. ಸಾರ್ ಜೊತೆ ಬಂದು ವೋಚರ್ ತಗೊಂಡು ಹೋಗಿ.” ನಾನೊಬ್ಬಳೇ ಬರ್ತೀನಿ ಅಂದೆ. ಆಗಲ್ಲ. ಸರಿ, ಅವರನ್ನೇ ಕಳಿಸ್ತೀನಿ ಅಂದೆ. ಅದೂ ಆಗಲ್ಲ. “ಕಪಲ್ ಆಗಿ ಬಂದ್ರೆ ಮಾತ್ರ ಮೇಡಂ, ಕಂಪನಿ ಪಾಲಿಸಿ. ಕ್ರೆಡಿಟ್ ಕಾರ್ಡ್ ಇಟ್ಕೊಂಡು ಬನ್ನಿ, ಎಲಿಜಿಬಿಲಿಟಿ ನೋಡೋಕೆ ಅಷ್ಟೇ. 90 ನಿಮಿಷ, ಒಂದು ಪ್ರೆಸೆಂಟೇಶನ್, ಮುಗೀತು.”

ಇಬ್ಬರೂ ಯಾಕೆ ಬೇಕು ಅಂತ ಈಗ ಅರ್ಥ ಆಗಿದೆ. ಒಬ್ಬರೇ ಹೋದ್ರೆ ‘ಮನೇಲಿ ಕೇಳಿ ಹೇಳ್ತೀನಿ’ ಅಂತ ಎದ್ದು ಬರಬಹುದು. ಇಬ್ಬರೂ ಎದುರಿಗೇ ಕೂತಿದ್ರೆ ಕೇಳೋಕೆ ಮನೇಲಿ ಯಾರಿದಾರೆ? ತಪ್ಪಿಸ್ಕೊಳ್ಳೋಕೆ ಇರೋ ಒಂದೇ ಒಂದು ನೆಪವನ್ನ ಅವರು ಫೋನಲ್ಲೇ ಕಿತ್ಕೊಂಡಿರ್ತಾರೆ.

ಹೋಟೆಲ್‌ನ ಪಾರ್ಟಿ ಹಾಲ್. ಒಳಗೆ ಮದುವೆಮನೆ ಗಲಾಟೆ. ದುಂಡು ಟೇಬಲ್‌ಗಳು, ಪ್ರತಿ ಟೇಬಲ್‌ಗೂ ಒಂದು ಜೋಡಿ, ಒಬ್ಬ ಎಕ್ಸಿಕ್ಯುಟಿವ್. ಹಾಡು ಎಷ್ಟು ಜೋರಂದ್ರೆ ನನ್ನವರು ಪಕ್ಕದಲ್ಲೇ ಕೂತು ಏನಂದ್ರೂ ನನಗೆ ಕೇಳ್ತಿರಲಿಲ್ಲ. ಅದೂ ಬೇಕಂತಲೇ ಅಂತ ನನ್ನ ಅನುಮಾನ. ಗಂಡ ಹೆಂಡತಿ ಒಬ್ಬರಿಗೊಬ್ಬರು ಮಾತಾಡ್ಕೊಂಡ್ರೆ ಇವರ ವ್ಯಾಪಾರ ಆಗುತ್ತಾ? ನಡುನಡುವೆ ಮೈಕಲ್ಲಿ “ನಮ್ಮ ಫ್ಯಾಮಿಲಿಗೆ ಹೊಸ ಮೆಂಬರ್ಸ್” ಅಂತ ಯಾರದೋ ಹೆಸರು ಕೂಗೋದು, ಹಾಲ್‌ನವರೆಲ್ಲ ಚಪ್ಪಾಳೆ ತಟ್ಟೋದು. ಆ ಹೊಸ ಮೆಂಬರ್‌ಗಳು ನಿಜವಾಗ್ಲೂ ಗಿರಾಕಿಗಳೋ, ಅವರದೇ ಜನವೋ, ದೇವರಿಗೇ ಗೊತ್ತು.

ನಮ್ಮ ಟೇಬಲ್ಲಿಗೆ ಬಂದ ಹುಡುಗ ತುಂಬಾ ನಯ. ನಮ್ಮ ಮದುವೆ ಹೇಗಾಯ್ತು, ಮೊದಲನೇ ಟ್ರಿಪ್ ಎಲ್ಲಿಗೆ, ಜಗಳ ಆಡ್ತೀರಾ, ಎಲ್ಲ ಕೇಳಿದ. “ಕೊನೇ ಸಲ ನೀವಿಬ್ಬರೇ ಆರಾಮಾಗಿ ಎಲ್ಲಿಗೆ ಹೋಗಿದ್ರಿ ಮೇಡಂ?” ನಾನು ಯೋಚನೆ ಮಾಡ್ತಾ ಕೂತೆ. ಅವನಿಗೆ ಬೇಕಾಗಿದ್ದೂ ಅದೇ. ಒಂದು ಬಿಳಿ ಹಾಳೆ ತೆಗೆದ. ಅವನು ಆ ಕಡೆ ಕೂತು ಅಕ್ಷರಗಳನ್ನ ತಲೆಕೆಳಗಾಗಿ ಬರೀತಿದ್ದ, ನಮಗೆ ನೆಟ್ಟಗೆ ಕಾಣೋ ಹಾಗೆ! ಅಷ್ಟು ಅಭ್ಯಾಸ. ವರ್ಷಕ್ಕೆ ಹೋಟೆಲ್ಲಿಗೆ ಎಷ್ಟು ಖರ್ಚು ಮಾಡ್ತೀರಿ, ಅದನ್ನ 25 ವರ್ಷಕ್ಕೆ ಗುಣಿಸಿ, ಬೆಲೆಯೇರಿಕೆ ಸೇರಿಸಿ, ಕೆಳಗೆ ದೊಡ್ಡ ಮೊತ್ತ ಬರೆದು ಅದರ ಸುತ್ತ ಎರಡು ಸಲ ಸುತ್ತು ಹಾಕಿದ. ಅದರ ಪಕ್ಕ ಅವರ ಮೆಂಬರ್‌ಶಿಪ್ ಮೊತ್ತ, ಚಿಕ್ಕದಾಗಿ. ಕೆಳಗೆ ಒಂದರ ಕೆಳಗೊಂದು: ‘ಯಾವ ವೀಕೆಂಡ್ ಬೇಕಾದ್ರೂ’, ‘ಎನಿಟೈಮ್ ಬುಕಿಂಗ್’, ‘ಮೇಂಟೆನೆನ್ಸ್ ಹೋದ್ರೆ ಮಾತ್ರ’ (ಅಂದ್ರೆ ವರ್ಷದ ನಿರ್ವಹಣಾ ಶುಲ್ಕ, ಹೋದ ವರ್ಷ ಕಟ್ಟಿದ್ರೆ ಸಾಕು ಅಂತ).

ಆ ಹಾಳೆ ನೆನಪಿಟ್ಕೊಳ್ಳಿ.

ನನ್ನವರು ಮೊದಲಿಂದಲೂ ಬೇಡ ಅಂತಲೇ ಇದ್ರು. “ಮನೆಗೆ ಹೋಗಿ ಯೋಚನೆ ಮಾಡಿ ಹೇಳ್ತೀವಿ” ಅಂದ್ರು. ಅಷ್ಟರಲ್ಲಿ ಮ್ಯಾನೇಜರ್ ಬಂದ. ಕೋಟು, ಟೈ, ನಗು. ಕುರ್ಚಿ ಎಳೆದು ನನ್ನ ಪಕ್ಕ ಅಲ್ಲ, ಅವರ ಪಕ್ಕ ಕೂತ. “ಏನ್ ಯೋಚನೆ ಸಾರ್? ಈ ಆಫರ್ ಈ ಹಾಲ್ ಬಿಟ್ಟು ಹೋದ್ರೆ ಇರಲ್ಲ. ಮೇಡಂ ಮುಖ ನೋಡಿ ಸಾರ್. ಅವರು ಬಾಯಿಬಿಟ್ಟು ಕೇಳಲ್ಲ. ಆ ರೆಸಾರ್ಟ್ ಫೋಟೋ ನೋಡ್ದಾಗ ಅವರ ಕಣ್ಣು ನಾನು ನೋಡಿದೀನಿ.”

ನನ್ನ ಕಣ್ಣಲ್ಲಿ ಏನೂ ಇರಲಿಲ್ಲ ಸ್ವಾಮಿ, ಎಸಿ ಗಾಳಿ ನೇರವಾಗಿ ಹೊಡೀತಿತ್ತು ಅಷ್ಟೇ. ಆದ್ರೆ ಹೇಗೆ ಹೇಳೋದು? ಬೇಡ ಅಂದ್ರೆ ಗಂಡನ ಜೊತೆ ಸುತ್ತೋಕೆ ಇಷ್ಟ ಇಲ್ಲ ಅಂದಹಾಗೆ. ಬೇಕು ಅಂದ್ರೆ ಗಂಡನ ಜೇಬಿಗೆ ಕೈ ಹಾಕಿದ ಹಾಗೆ. ನಾನು ಸುಮ್ಮನಾದೆ. ನಾನು ಸುಮ್ಮನಾಗಿದ್ದು ನೋಡಿ ನನ್ನವರು ‘ಇವಳಿಗೆ ಆಸೆ ಇದೆ’ ಅಂದ್ಕೊಂಡ್ರು. ಕಾರ್ಡ್ ತೆಗೆದು ಕೊಟ್ರು. ಮೈಕಲ್ಲಿ ನಮ್ಮ ಹೆಸರು ಕೂಗಿದ್ರು, ಚಪ್ಪಾಳೆ. ಇವತ್ತಿಗೂ ಆ ಚಪ್ಪಾಳೆ ನೆನೆಸ್ಕೊಂಡ್ರೆ ಮೈ ಉರಿಯುತ್ತೆ. ನಮ್ಮಿಬ್ಬರ ನಡುವೆ ಕೂತು, ನನ್ನ ಪರವಾಗಿ ಅವನು ಮಾತಾಡಿದ, ನನ್ನ ಗಂಡನ ಹತ್ರ! ಮನೆಗೆ ಬರ್ತಾ ಕಾರಲ್ಲಿ “ನಿನಗೆ ಇಷ್ಟ ಆಯ್ತಲ್ಲ” ಅಂದ್ರು ನನ್ನವರು. “ನಿಮಗೆ ಇಷ್ಟ ಇತ್ತು ಅಂದ್ಕೊಂಡೆ ಕಣ್ರೀ” ಅಂದೆ. ಇಬ್ಬರೂ ಆಮೇಲೆ ಮಾತಾಡಲಿಲ್ಲ.

ಸಹಿ ಹಾಕಿ ಏಳುವಾಗ ಆ ಹಾಳೆಗೆ ನಾನು ಕೈ ಹಾಕಿದೆ. ಹುಡುಗ ನಗ್ತಾ ಎಳ್ಕೊಂಡ. “ಅದು ರಫ್ ಶೀಟ್ ಮೇಡಂ, ನಿಮಗೆ ಅಗ್ರಿಮೆಂಟ್ ಬರುತ್ತಲ್ಲ.” ಇನ್ನೊಂದು ಮಾತೂ ಹೇಳಿದ: “ಒಂದು ವೆರಿಫಿಕೇಶನ್ ಕಾಲ್ ಬರುತ್ತೆ, ಫಾರ್ಮಾಲಿಟಿ, ಎಲ್ಲಾದಕ್ಕೂ ಎಸ್ ಅನ್ನಿ.” ಅಂದ್ವಿ. ಎಲ್ಲಾದಕ್ಕೂ ಎಸ್.

ಅಗ್ರಿಮೆಂಟ್ ಬಂತು. ಇರುವೆ ಸಾಲಿನ ಅಕ್ಷರ. ಅದರಲ್ಲಿ ವರ್ಷವನ್ನ ಬಣ್ಣಗಳಾಗಿ ಹಂಚಿದ್ದಾರೆ, ಕೆಂಪು ಅಂದ್ರೆ ಬೇಡಿಕೆ ಇರೋ ಕಾಲ, ನೀಲಿ ಅಂದ್ರೆ ಯಾರಿಗೂ ಬೇಡದ ಕಾಲ. ನಮಗೆ ಕೊಟ್ಟಿದ್ದು ನೀಲಿ. ಹಾಲ್‌ನಲ್ಲಿ ಬಣ್ಣದ ಸುದ್ದಿಯನ್ನೇ ಯಾರೂ ಎತ್ತಿರಲಿಲ್ಲ. ಮೇಂಟೆನೆನ್ಸ್ ಹೋದ್ರೂ ಕಟ್ಟಬೇಕು, ಹೋಗದಿದ್ರೂ ಕಟ್ಟಬೇಕು, ಕಂಪನಿ ಏರಿಸಿದಷ್ಟು ಕಟ್ಟಬೇಕು. ಕೊನೇ ಪುಟದಲ್ಲಿ ಒಂದು ಸಾಲು: ಮೌಖಿಕವಾಗಿ ಕೊಟ್ಟ ಯಾವುದೇ ಭರವಸೆಗೆ ಕಂಪನಿ ಹೊಣೆಯಲ್ಲ. ಮೂರು ಗಂಟೆ ಬಾಯಲ್ಲೇ ಮಾರಾಟ ಮಾಡಿ, ಕೊನೆಗೆ ಬಾಯಿಮಾತು ಲೆಕ್ಕಕ್ಕಿಲ್ಲ ಅಂತ!

ಬುಕಿಂಗ್‌ಗೆ ಕೂತಾಗ ನಿಜವಾದ ಬಣ್ಣ ಗೊತ್ತಾಯ್ತು. ಶುಕ್ರವಾರ, ಶನಿವಾರ ರಾತ್ರಿ ಯಾವಾಗ ಹಾಕಿದ್ರೂ ‘ಲಭ್ಯವಿಲ್ಲ’. ಮುಂದಿನ ತಿಂಗಳು ಇಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಅದೇ ರೆಸಾರ್ಟ್, ಅದೇ ಶನಿವಾರ, ಸಾಮಾನ್ಯ ಹೋಟೆಲ್ ಬುಕಿಂಗ್ ಆ್ಯಪ್‌ನಲ್ಲಿ ನೋಡಿದ್ರೆ ದುಡ್ಡು ಕೊಡೋರಿಗೆ ರೂಮ್ ಇದೆ. ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ಉತ್ತರ: “ಡಿಯರ್ ಮೆಂಬರ್, ಯುವರ್ ಕನ್ಸರ್ನ್ ಈಸ್ ನೋಟೆಡ್.” ಮತ್ತೆ ಕಳಿಸಿದೆ. ಮತ್ತೆ ನೋಟೆಡ್. ಫೋನ್ ಮಾಡಿದೆ.

“ಮೇಡಂ, ಮೆಂಬರ್ ಇನ್ವೆಂಟರಿ ಬೇರೆ, ಪಬ್ಲಿಕ್ ಇನ್ವೆಂಟರಿ ಬೇರೆ.” ಅಂದ್ರೆ ಮೆಂಬರ್‌ಗಳಿಗೆ ಇಟ್ಟಿರೋ ರೂಮ್‌ಗಳೇ ಬೇರೆ, ದುಡ್ಡು ಕೊಡೋರಿಗೆ ಇಟ್ಟಿರೋದೇ ಬೇರೆ.

ಯಾವ ವೀಕೆಂಡ್ ಬೇಕಾದ್ರೂ ಅಂದಿದ್ರಲ್ಲ?

“ಹಾಗಂತ ಯಾರು ಹೇಳಿದ್ದು ಮೇಡಂ?” ಹೆಸರು ಹೇಳಿದೆ. “ಅವರು ಈಗ ನಮ್ಮಲ್ಲಿಲ್ಲ.” ಬರೆದುಕೊಟ್ಟಿದ್ರು ಅಂದೆ. “ಆ ಹಾಳೆ ಕಳಿಸಿ ಮೇಡಂ, ನೋಡ್ತೀವಿ.” ಎಷ್ಟು ಧೈರ್ಯವಾಗಿ ಕೇಳ್ತಾಳೆ ನೋಡಿ! ಹಾಳೆ ಎಲ್ಲಿದೆ ಅಂತ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆಮೇಲೆ, “ನಿಮ್ಮ ವೆರಿಫಿಕೇಶನ್ ಕಾಲ್ ರೆಕಾರ್ಡಿಂಗ್ ಇದೆ ಮೇಡಂ, ನೀವು ಎಲ್ಲ ಟರ್ಮ್ಸ್ ಒಪ್ಪಿದ್ದೀರಿ.” ಕೊನೆಗೆ ಸಮಾಧಾನ ಬೇರೆ: “ವೀಕ್‌ಡೇ ಹೋಗಿ ಮೇಡಂ. ಜನ ಕಡಿಮೆ ಇರ್ತಾರೆ, ಕಪಲ್ಸ್‌ಗೆ ಚೆನ್ನಾಗಿರುತ್ತೆ.” ಮಂಗಳವಾರ ಇಬ್ಬರಿಗೂ ರಜೆ ಇವಳ ಕಂಪನಿ ಕೊಡುತ್ತಾ? ಆ ಫ್ರೀ ವೋಚರ್ ಕಥೆಯೂ ಅಷ್ಟೇ, ವಾರದ ದಿನ ಮಾತ್ರ, ಮೇಲೆ ‘ಯುಟಿಲಿಟಿ ಚಾರ್ಜ್’. ಬಿಟ್ಟಾಕಿದ್ವಿ.

ಈ ಟೈಮ್‌ಶೇರ್ ವ್ಯಾಪಾರ 1960ರ ದಶಕದಲ್ಲಿ ಯುರೋಪಿನಲ್ಲಿ ಶುರುವಾಗಿದ್ದು. ಒಂದೇ ರೂಮನ್ನ ವಾರಗಳಾಗಿ ಹಂಚಿ ಬೇರೆ ಬೇರೆಯವರಿಗೆ ಮಾರೋದು. ವರ್ಷಕ್ಕೆ 52 ವಾರ. ರಜೆ, ಹಬ್ಬ, ಲಾಂಗ್ ವೀಕೆಂಡ್ ಎಷ್ಟು? ಎಲ್ಲರಿಗೂ ಬೇಕಾಗಿರೋದು ಆ ನಾಲ್ಕಾರು ವಾರಗಳೇ. ‘ಯಾವಾಗ ಬೇಕಾದ್ರೂ’ ಅಂತ ಎಲ್ಲ ಮೆಂಬರ್‌ಗಳಿಗೂ ಹೇಳಿದ್ರೆ ಲೆಕ್ಕ ಕೂರೋದೇ ಇಲ್ಲ. ಈ ಹಾಲ್‌ಗಳ ಕಾಟ ತಡೆಯೋಕೇ ಯುರೋಪಿಯನ್ ಒಕ್ಕೂಟ 2009ರಲ್ಲಿ ನಿಯಮ ಬಿಗಿ ಮಾಡಿದೆ: ಸಹಿ ಹಾಕಿದ ಮೇಲೂ 14 ದಿನ ಕಾರಣ ಹೇಳದೆ ರದ್ದು ಮಾಡಬಹುದು, ಆ 14 ದಿನ ಕಂಪನಿ ಮುಂಗಡ ಅಂತ ಒಂದು ಪೈಸೆ ಮುಟ್ಟೋ ಹಾಗಿಲ್ಲ. ನಮ್ಮಲ್ಲಿ ಕಾರ್ಡ್ ಉಜ್ಜೋದೇ ಮೊದಲು, ಕಾಗದ ಬರೋದು ಆಮೇಲೆ.

ಇನ್ನೊಂದು ಹೇಳಲೇಬೇಕು. ನಾವು ದೂರು ಗೀರು ಅಂತ ಓಡಾಡ್ತಿರುವಾಗ ಬೇರೆ ಯಾರೋ ಫೋನ್ ಮಾಡಿದ್ರು. “ನಿಮ್ಮ ಮೆಂಬರ್‌ಶಿಪ್ ತಗೊಳ್ಳೋಕೆ ಪಾರ್ಟಿ ರೆಡಿ ಇದೆ, ಟ್ರಾನ್ಸ್‌ಫರ್ ಫೀ ಮಾತ್ರ ಮೊದಲೇ ಹಾಕಿ.” ನಾವು ಮೆಂಬರ್ ಅಂತ ಇವರಿಗೆ ಹೇಗೆ ಗೊತ್ತು? ನಮ್ಮ ನಂಬರ್ ಯಾರು ಕೊಟ್ರು? ನನ್ನವರು ಈ ಸಲ ನನ್ನ ಮುಖ ನೋಡಲಿಲ್ಲ, ನೇರವಾಗಿ ಬೈದು ಫೋನ್ ಇಟ್ರು. ಮೊದಲು ದುಡ್ಡು ಹಾಕಿ ಅನ್ನೋರು ಯಾರೇ ಇರಲಿ, ಕಟ್ ಮಾಡಿ.

ಹೋಗಲೇಬೇಡಿ ಅಂತ ನನ್ನ ಮಾತು. ಹೋಗೇ ಹೋಗ್ತೀವಿ ಅನ್ನೋರು ಕಾರ್ಡ್ ಮನೇಲಿಟ್ಟು ಹೋಗಿ, ಅವನು ಬರೆಯೋ ಹಾಳೆಯ ಫೋಟೋ ಅಲ್ಲೇ ತೆಗೀರಿ. ತೆಗೆಯೋಕೆ ಬಿಡಲ್ಲ ಅಂದ್ರೆ ಅದೇ ಉತ್ತರ, ಎದ್ದು ಬನ್ನಿ. ಫೋಟೋ ತೆಗೆಯೋಕೆ ನಾಚಿಕೆ ಯಾಕೆ, ನಿಮ್ಮ ಸಂಬಳ ಕೇಳೋಕೆ ಅವರಿಗೆ ನಾಚಿಕೆ ಇತ್ತಾ?

ಈಗಾಗಲೇ ಸಹಿ ಹಾಕಿ ಬಂದಿದ್ರೆ ನಾಳೆ ನೋಡೋಣ ಅನ್ನಬೇಡಿ. ಕೆಲವು ಅಗ್ರಿಮೆಂಟ್‌ಗಳಲ್ಲಿ ಇಂತಿಷ್ಟು ದಿನದೊಳಗೆ ರದ್ದು ಮಾಡಿದ್ರೆ ದುಡ್ಡು ವಾಪಸ್ ಅಂತ ಎಲ್ಲೋ ಮೂಲೆಯಲ್ಲಿ ಇರುತ್ತೆ, ಮೊದಲು ಅದನ್ನ ಹುಡುಕಿ. ಫೋನಲ್ಲಿ ಹೇಳಿದ್ರೆ ಪ್ರಯೋಜನ ಇಲ್ಲ, “ಟೀಮ್ ಕಾಲ್ ಬ್ಯಾಕ್ ಮಾಡುತ್ತೆ” ಅಂತ ದಿನ ತಳ್ತಾರೆ, ದಿನ ಮುಗಿಯೋವರೆಗೂ ತಳ್ತಾರೆ. ಮೇಲ್ ಹಾಕಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಬಗ್ಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ. ‘ವ್ಯಾಜ್ಯ ಏನಿದ್ರೂ ನಮ್ಮ ಹೆಡ್ ಆಫೀಸ್ ಇರೋ ಊರಲ್ಲೇ’ ಅಂತ ಅಗ್ರಿಮೆಂಟ್‌ನಲ್ಲಿ ಬರೆದು ಹೆದರಿಸ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ನಾವೂ ಹಾಗೇ ಕೊಟ್ಟಿದ್ದು. ಕಟ್ಟಿದ ಮೊತ್ತ 5 ಲಕ್ಷದವರೆಗೆ ಇದ್ರೆ ದೂರಿಗೆ ಶುಲ್ಕವೂ ಇಲ್ಲ. ವಕೀಲರು ಕಡ್ಡಾಯ ಅಲ್ಲ.

ನೋಟಿಸ್ ಹೋದ ಮೇಲೆ ಕಂಪನಿಯಿಂದ ಒಂದು ಮೆಸೇಜ್ ಬಂತು. ಕ್ಷಮಾಪಣೆ ಇರಬಹುದಾ ಅಂತ ತೆಗೆದು ನೋಡಿದ್ರೆ ಈ ವರ್ಷದ ಮೇಂಟೆನೆನ್ಸ್ ಬಾಕಿ, ತಡವಾಗಿದ್ದಕ್ಕೆ ಬಡ್ಡಿ ಸಮೇತ. ಅದನ್ನೂ ಪ್ರಿಂಟ್ ತೆಗೆದು ದೂರಿನ ಫೈಲಿಗೆ ಸೇರಿಸಿದ್ದೀವಿ.