ಹೆಡ್ಜ್‌ಹಾಗ್ ನೋಡಲು ತಗೊಂಡ ಟ್ರೇಲ್ ಕ್ಯಾಮೆರಾ: ಏಳು ತಿಂಗಳು ಬಳಸಿದ ಮೇಲೆ

ತೋಟಕ್ಕೆ ರಾತ್ರಿ ಯಾರೋ ಬರುತ್ತಿದ್ದಾರೆ ಎಂದು ಮೊದಲು ಗೊತ್ತಾಗಿದ್ದು ಹಿಕ್ಕೆಯಿಂದ. ಹುಲ್ಲಿನ ಮೇಲೆ ಕಪ್ಪಗೆ, ಅರ್ಧ ಬೆರಳುದ್ದ, ಒಳಗೆ ಜೀರುಂಡೆ ರೆಕ್ಕೆಯ ಚೂರುಗಳು ಮಿಂಚುತ್ತಿದ್ದವು. ಹೆಡ್ಜ್‌ಹಾಗ್ ಇರಬೇಕು ಅನ್ನಿಸಿತು. ಟಾರ್ಚ್ ಹಿಡಿದು ಮೂರು ರಾತ್ರಿ ಕಾದೆ. ಎರಡು ಸಲ ಪೊದೆಯೊಳಗೆ ಫುಸ್ ಫುಸ್ ಸದ್ದು ಮಾತ್ರ ಕೇಳಿಸಿತು. ಮೂರನೇ ಸಲ ಕಾಣಿಸಿತು, ಆದರೆ ಬೆಳಕು ಬಿದ್ದ ತಕ್ಷಣ ಮುದುಡಿ ಉಂಡೆಯಾಗಿ ಅಲ್ಲೇ ಕೂತುಬಿಟ್ಟಿತು. ನನ್ನ ಆಸೆಗೆ ಅದರ ಊಟ ನಿಂತಿತಲ್ಲ ಎಂದು ತುಂಬಾ ಬೇಜಾರಾಯಿತು. ಮಾರನೇ ದಿನವೇ ಕ್ಯಾಮೆರಾ ಹುಡುಕಲು ಶುರುಮಾಡಿದೆ.

ಇದನ್ನೂ ಕೆಲವರು ಮುಳ್ಳುಹಂದಿ ಅನ್ನುತ್ತಾರೆ. ಉದ್ದುದ್ದ ಮುಳ್ಳಿನ, ಗೆಡ್ಡೆ ಗೆಣಸು ಅಗೆದು ತಿನ್ನುವ ಮುಳ್ಳುಹಂದಿ ಬೇರೆ, ಅದು ಇಲಿ ಅಳಿಲುಗಳ ಬಳಗದ್ದು. ಇದು ಬೊಗಸೆ ತುಂಬುವಷ್ಟೇ ಇರುವ ಜೀವಿ. ಜೀರುಂಡೆ, ಕಂಬಳಿಹುಳು, ಎರೆಹುಳು ಹೆಕ್ಕಿ ತಿನ್ನುತ್ತದೆ. ಮೈಮೇಲೆ ಸುಮಾರು 5,000 ಗಿಡ್ಡ ಮುಳ್ಳುಗಳು.

ಕ್ಯಾಮೆರಾ ಕೆಲಸ ಮಾಡುವ ರೀತಿ ಸರಳ. ಎದುರಿಗೆ ಬಿಸಿ ಮೈಯೊಂದು ಅಲುಗಾಡಿದರೆ ಒಳಗಿನ ಸೆನ್ಸರ್‌ಗೆ ಗೊತ್ತಾಗುತ್ತದೆ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಹೊತ್ತಿಕೊಂಡು ರೆಕಾರ್ಡಿಂಗ್ ಶುರುವಾಗುತ್ತದೆ. ಕೊಳ್ಳುವಾಗ ನೋಡಬೇಕಾದ ಒಂದು ಸಂಖ್ಯೆ ಇದೆ: 850 ನ್ಯಾನೋಮೀಟರ್ ಅಂತ ಇದ್ದರೆ ಎಲ್ಇಡಿಗಳು ಸಣ್ಣಗೆ ಕೆಂಪಗೆ ಕಾಣುತ್ತವೆ, 940 ಆದರೆ ಏನೂ ಕಾಣುವುದಿಲ್ಲ, ಆದರೆ ಬೆಳಕು ಅಷ್ಟು ದೂರ ಹೋಗುವುದಿಲ್ಲ. ಚಿಕ್ಕ ತೋಟಕ್ಕೆ ದೂರ ಬೇಕಾಗಿಲ್ಲ ಅಲ್ವಾ, ನಾನು 940 ತಗೊಂಡೆ.

ಮೊದಲ ವಾರ ಬರೀ ನಿರಾಸೆ. ಸೊಂಟದೆತ್ತರಕ್ಕೆ ಕಂಬಕ್ಕೆ ಕಟ್ಟಿದ್ದೆ, ಬಂದಿದ್ದೆಲ್ಲ ಹುಲ್ಲಿನ ಚಿತ್ರ, ನಡುವೆ ಒಂದು ಮಸುಕು ಬೆನ್ನು. ಸರಿ ಎಂದು ಕೆಳಗಿಳಿಸಿ ನೀರಿನ ತಟ್ಟೆಯ ಪಕ್ಕಕ್ಕೇ ಇಟ್ಟೆ, ಆಗ ಪ್ರಾಣಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಬಂತು, ಮೂಗು ಕಣ್ಣು ಏನೂ ಇಲ್ಲ. ಈ ಕ್ಯಾಮೆರಾಗಳ ಫೋಕಸ್ ದೊಡ್ಡ ಪ್ರಾಣಿಗಳಿಗೆ ಅಂತ ಮೊದಲೇ ಕೂರಿಸಿರುತ್ತಾರೆ. ತೀರಾ ಹತ್ತಿರ ಇದ್ದದ್ದು ಮಸುಕು. ಕೊನೆಗೆ ಎರಡು ಮೀಟರ್ ದೂರ, ನೆಲದಿಂದ ಒಂದು ಗೇಣು ಎತ್ತರ, ಎಲ್ಇಡಿಗಳ ಮೇಲೆ ಒಂದು ಪದರ ತೆಳು ಬಿಳಿ ಟೇಪ್. ಆ ರಾತ್ರಿ ಮೀಸೆ ಕೂದಲು ಎಣಿಸುವಷ್ಟು ಚೆನ್ನಾಗಿ ಬಂತು! ಇಷ್ಟು ಮುಖ್ಯವಾದ ವಿಷಯ ಪೆಟ್ಟಿಗೆಯಲ್ಲಿದ್ದ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಫೋಟೋ ಬೇಡ, ವಿಡಿಯೊ ಇಡಿ. 30 ಸೆಕೆಂಡ್ ಸಾಕು. ಸದ್ದು ಆನ್ ಮಾಡಲು ಮರೆಯಬೇಡಿ, ಅರ್ಧ ಸುಖ ಇರುವುದೇ ಅದರಲ್ಲಿ. ಮೇ ತಿಂಗಳ ಒಂದು ರಾತ್ರಿ ಎರಡು ಹೆಡ್ಜ್‌ಹಾಗ್ ಬಂದವು. ಒಂದು ನಡುವೆ ನಿಂತು ಬುಸ್ ಬುಸ್ ಅನ್ನುತ್ತಿದೆ, ಇನ್ನೊಂದು ಅದರ ಸುತ್ತ ಒಂದೇ ಸಮನೆ ಸುತ್ತುತ್ತಿದೆ, ಕ್ಲಿಪ್ ಮೇಲೆ ಕ್ಲಿಪ್, ಒಂದು ಗಂಟೆಗಿಂತ ಜಾಸ್ತಿ. ಜಗಳ ಅಂದುಕೊಂಡೆ. ಅಲ್ಲ, ಗಂಡು ಹೆಣ್ಣನ್ನು ಒಲಿಸಿಕೊಳ್ಳುವುದು ಹೀಗೇ. ಬೆಳಿಗ್ಗೆ ಹೋಗಿ ನೋಡಿದರೆ ಹುಲ್ಲು ದುಂಡಗೆ ತುಳಿದುಹೋಗಿತ್ತು. ಇನ್ನೊಂದು ದಿನ ನನ್ನ ಹಳೇ ಚರ್ಮದ ಕೈಗವಸು ಅಲ್ಲೇ ಮರೆತಿದ್ದೆ. ಅದನ್ನು ನೆಕ್ಕಿ, ಜಗಿದು, ಬಾಯಲ್ಲಿ ನೊರೆ ಮಾಡಿಕೊಂಡು, ಮೈ ತಿರುಚಿ ಆ ನೊರೆಯನ್ನು ತನ್ನ ಮುಳ್ಳಿಗೆ ಹಚ್ಚಿಕೊಂಡಿತು. ಹೊಸ ವಾಸನೆ ಸಿಕ್ಕರೆ ಹೀಗೆ ಮಾಡುತ್ತವೆ. ರೋಗ ಬಂದಿದೆ ಎಂದು ಗಾಬರಿಯಾಗಬೇಡಿ. ಟಾರ್ಚ್ ಹಿಡಿದು ನಿಂತಿದ್ದರೆ ಇದೆಲ್ಲ ನನಗೆ ಯಾವತ್ತೂ ಕಾಣುತ್ತಿರಲಿಲ್ಲ.

ಬೆಕ್ಕಿನ ಸಂಗತಿಯೂ ಕ್ಯಾಮೆರಾ ಹೇಳಿದ್ದೇ. ನಾನು ಇಡುತ್ತಿದ್ದ ಮಾಂಸದ ಬೆಕ್ಕಿನಾಹಾರವನ್ನು ಪಕ್ಕದ ಬೆಕ್ಕು ದಿನಾ ಖಾಲಿ ಮಾಡುತ್ತಿತ್ತು, ನಾನು ಸುಮ್ನೆ ಖುಷಿಪಡುತ್ತಿದ್ದೆ. ಆಮೇಲೆ ಒಂದು ಪೆಟ್ಟಿಗೆಗೆ 13 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಬಾಗಿಲು ಕೊರೆದು ತಟ್ಟೆಯನ್ನು ಒಳಗಿಟ್ಟೆ. ಬೇಲಿಯಡಿಯೂ ಅಷ್ಟೇ ಅಳತೆಯ ಕಂಡಿ ಮಾಡಿದೆ, ಏಕೆಂದರೆ ಒಂದು ರಾತ್ರಿಗೆ ಒಂದೆರಡು ಕಿಲೋಮೀಟರ್ ಅಲೆಯುವ ಪ್ರಾಣಿಗೆ ಒಂದು ತೋಟ ಎಲ್ಲಿ ಸಾಲುತ್ತದೆ? ಹಾಲು ಮಾತ್ರ ಇಡಲೇಬೇಡಿ. ಅವಕ್ಕೆ ಅದು ಅರಗುವುದಿಲ್ಲ, ಭೇದಿಯಾಗಿ ಸೊರಗುತ್ತವೆ. ಬ್ರೆಡ್ಡೂ ಬೇಡ. ಅಗಲ ತಟ್ಟೆಯಲ್ಲಿ ನೀರಿಟ್ಟರೆ ಅದೇ ದೊಡ್ಡ ಉಪಕಾರ. ಗಿಡಕ್ಕೆ ಹುಳುವಿನ ವಿಷ ಹಾಕುವವರು ಅದನ್ನು ನಿಲ್ಲಿಸಿದ ಮೇಲೆ ಕ್ಯಾಮೆರಾ ಕೊಳ್ಳಿ.

ಇನ್ನು ಕ್ಯಾಮೆರಾದ ಕೊರತೆಗಳು. ಬ್ಯಾಟರಿ ಬದಲಿಸಿದಾಗಲೆಲ್ಲ ತಾರೀಕು, ಸಮಯ ಅಳಿಸಿಹೋಗುತ್ತದೆ. ಎಷ್ಟು ಹೊತ್ತಿಗೆ ಬರುತ್ತವೆ ಎಂದು ಬರೆದಿಡುವವರಿಗೆ ಇದು ದೊಡ್ಡ ತೊಂದರೆ, ಜೂನ್‌ನ ಆರು ದಿನಗಳ ಲೆಕ್ಕ ನನಗೆ ಹೀಗೇ ತಪ್ಪಿತು. ಸೆನ್ಸರ್ ಎಚ್ಚರಗೊಳ್ಳುವುದು ನಿಧಾನ, ದಾಟಿಹೋಗುವ ಪ್ರಾಣಿಯ ಹಿಂಭಾಗ ಮಾತ್ರ ಸಿಗುತ್ತದೆ. ಹಾಗಾಗಿ ದಾರಿಗೆ ಗುರಿ ಇಡಬೇಡಿ, ಅದು ನಿಲ್ಲುವ ನೀರಿನ ತಟ್ಟೆಗೆ ಇಡಿ. ಸೆಕೆಯ ರಾತ್ರಿ ಮೈಯ ಬಿಸಿಗೂ ಗಾಳಿಯ ಬಿಸಿಗೂ ಅಂತರ ಕಡಿಮೆ, ಆಗ ಕೆಲವು ಸಲ ಎಚ್ಚರಗೊಳ್ಳುವುದೇ ಇಲ್ಲ. ರೀಚಾರ್ಜ್ ಬ್ಯಾಟರಿ ಹಾಕಿದರೆ ಚಿತ್ರ ಬೇಗ ಮಂಕಾಗುತ್ತದೆ, ಲಿಥಿಯಂ ಹಾಕಿದ ಮೇಲೆ ವಾರಗಟ್ಟಲೆ ನಡೆಯಿತು. ಮಳೆಗೆ ಮಾತ್ರ ಏನೂ ಆಗಲಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಅಂಕ ಆ ಗಡಿಯಾರಕ್ಕೆ.

ಕೊನೆಯ ಕ್ಲಿಪ್ ನವೆಂಬರ್ ಮೊದಲ ವಾರದ್ದು. ದೊಡ್ಡದು, ಕಿವಿ ಹರಿದದ್ದು, ಬಾಯಿ ತುಂಬ ಒಣಗೆಲೆ ಕಚ್ಚಿಕೊಂಡು ಕಟ್ಟಿಗೆ ರಾಶಿಯ ಕಡೆ ಹೋಗುತ್ತಿದೆ, ನಾಲ್ಕು ನಿಮಿಷಕ್ಕೆ ಮತ್ತೆ ಬಂದು ಮತ್ತಷ್ಟು ಎಲೆ ಒಯ್ಯುತ್ತದೆ. ಆಮೇಲೆ ತಟ್ಟೆಯ ಹತ್ತಿರ ಯಾರೂ ಬಂದಿಲ್ಲ, ಚಳಿಗಾಲದ ದೀರ್ಘ ನಿದ್ದೆಗೆ ಅಲ್ಲೇ ಗೂಡು ಮಾಡಿಕೊಂಡಿರಬೇಕು. ಬ್ಯಾಟರಿ ತೆಗೆದು ಕ್ಯಾಮೆರಾ ಒಳಗಿಟ್ಟಿದ್ದೇನೆ. ಆ ಕಟ್ಟಿಗೆ ರಾಶಿಯನ್ನು ಮಾರ್ಚ್ ಕಳೆಯುವವರೆಗೆ ಮುಟ್ಟಬಾರದೆಂದು ಮನೆಯವರಿಗೆಲ್ಲ ಹೇಳಿದ್ದೇನೆ.